ಉಗುರಿಗೆ ಸಿಗದ ಗೀರು

ಬೇತಮಂಗಲದ ಕೆರೆಯೇರಿ ಕೆಳಗೆ
ನಾಲ್ಕು ಲಾರಿ ಟೈರಿನ ಮೇಲೆ ಬೋರಲು ಮಲಗಿತ್ತು ದೋಣಿ.
ಫೈಬರ್ ಮೈ, ಕಡುನೀಲಿ, ಎಂಟು ಜನಕ್ಕಾಗುವಂಥದ್ದು.
ನಾನು ರಾಬರ್ಟ್‌ಸನ್‌ಪೇಟೆಯಲ್ಲಿ ಬೈಕಿನ ಟ್ಯಾಂಕು, ಸ್ಕೂಲ್ ವ್ಯಾನು
ಉಜ್ಜಿ ಮಿನುಗಿಸುವವನು;
ದೋಣಿಯ ಮೈ ಮುಟ್ಟಿದ್ದು ಅದೇ ಮೊದಲು.
'ಬಣ್ಣ ಹೋಗಿದೆ, ಹೊಸದು ಬಳಿ' ಅಂದ ಕಂಟ್ರಾಕ್ಟರು.
ಹೋಗಿರಲಿಲ್ಲ.

ಬೆಳಗಿನ ಓರೆ ಬಿಸಿಲು ಬೀಳುವ ತನಕ ಕಾದೆ.
ಆಗ ಕಂಡವು:
ಸುತ್ತು, ಸುತ್ತಿನೊಳಗೆ ಸುತ್ತು,
ಜೇಡವೊಂದು ಮೂರು ವರ್ಷ ಕೂತು ನೇಯ್ದಂತೆ
ಕೂದಲಿಗಿಂತ ಸಣ್ಣ ಗೀರು, ಲೆಕ್ಕವಿಲ್ಲದಷ್ಟು.
ಪೊರೆ ಬಂದ ಕಣ್ಣಿನ ಹಾಗೆ ನೀಲಿಯೆಲ್ಲ ಹಾಲುಹಾಲು.
ಹೆಬ್ಬೆರಳ ಉಗುರನ್ನು ಅಡ್ಡ ಎಳೆದೆ.
ಸಿಕ್ಕಿಕೊಂಡರೆ ಗಾಯ, ಜಾರಿದರೆ ಬರೀ ಮಂಕು;
ಕೆಲಸ ಕಲಿಸಿದ ಸರ್ದಾರಣ್ಣನ ಶಾಸ್ತ್ರ ಅಷ್ಟೇ.
ಜಾರಿತು.

ಟಿಕೆಟ್ ಹರಿಯುವ ಆವಲಮ್ಮ ಟೀ ತಂದರು.
'ಒಂದು ದಿನ ತಪ್ಪಿಸಿಲ್ಲಪ್ಪ.
ಸಂಜೆ ದಡಕ್ಕೆ ಎಳೆದ ಮೇಲೆ
ತೆಂಗಿನ ನಾರು, ಪಾತ್ರೆ ಪುಡಿ, ಮೇಲಿಷ್ಟು ಬೂದಿ.
ನಮ್ಮನೆ ಹಿತ್ತಾಳೆ ಬಿಂದಿಗೆಗೂ ಅಷ್ಟು ಮಾಡಿಲ್ಲ ನಾನು.
ಆದ್ರೂ ಹೊಳಪೇ ನಿಲ್ಲಲ್ಲ ಇದರ ಮೈಗೆ.
ಯಾವ ಹುಡುಗ್ರು ಬಂದು ಗೀರಿ ಹೋದ್ರೋ!'
ಮಾತಿನ ಜೊತೆ ಬಲಗೈ ಗಾಳಿಯಲ್ಲಿ ತಿರುಗುತ್ತಿತ್ತು,
ಬಿಂದಿಗೆಯ ತಳ ತಿಕ್ಕುವ ಅದೇ ಸುತ್ತು.

ಆರೋಕ್ಯ ನನ್ನ ಮುಖ ನೋಡಿದ.
ನಾನು ಟೀ ಕುಡಿದೆ.
'ದೂಳು ಕಣಮ್ಮ' ಅಂದೆ, 'ಸೈನೈಡ್ ದಿಬ್ಬದ್ದು.
ಗಾಳಿ ಎದ್ದರೆ ಇಲ್ಲೀತನಕ ಬರುತ್ತೆ.'

ಹೊಳಪು ಹಚ್ಚುವುದು ಅಂತಾರೆ ಜನ.
ಹಚ್ಚುವುದೇನೂ ಇಲ್ಲ, ತೆಗೆಯುವುದೇ ಎಲ್ಲ.
ಗೀರಿನ ತಳ ಎಲ್ಲಿದೆಯೋ ಅಲ್ಲಿಗೆ
ಸುತ್ತಲ ನೆಲವನ್ನೇ ಇಳಿಸಬೇಕು.
ಒಂದು ಗೀರು ಅಳಿಸಲು
ಅದಕ್ಕಿಂತ ಸಣ್ಣ ನೂರು ಗೀರು ಎಳೆಯಬೇಕು,
ಆ ನೂರನ್ನು ಅಳಿಸಲು ಇನ್ನೂ ಸಣ್ಣವು.
ರಾತ್ರಿಯೆಲ್ಲ ಬಕೆಟ್ಟಿನಲ್ಲಿ ನೆನೆದ ಸಾವಿರದೈನೂರರ ಕಾಗದ,
ಆಮೇಲೆ ಎರಡು ಸಾವಿರ, ಆಮೇಲೆ ಮೂರು.
ಆರೋಕ್ಯ ಪೈಪು ಹಿಡಿದ.
ನೀಲಿ ಹಾಲು ಹರಿದು ಚಪ್ಪಲಿಯಡಿ ಮಣ್ಣಿಗಿಳಿಯಿತು.
ಅಷ್ಟು ದೋಣಿ ಕಮ್ಮಿಯಾಯಿತು.
ಇನ್ನೆರಡು ಸಲ ತಡೆದೀತು ಈ ಚರ್ಮ;
ಮೂರನೆಯದಕ್ಕೆ ಕೆಳಗಿನ ಬಿಳುಪು ಕಾಣುತ್ತದೆ.

ಪಂಪ್‌ಹೌಸಿನಿಂದ ಎಳೆದ ವೈರು.
ಅವರೆಕಾಳಿನಷ್ಟೇ ಕಾಂಪೌಂಡು, ಅಲ್ಲೊಂದು ಇಲ್ಲೊಂದು.
ಕುರಿಯುಣ್ಣೆಯ ಚಕ್ರ ನಿಧಾನಕ್ಕೆ ತಿರುಗಿತು.
ಬಿಸಿಯೇರಿತೇ ಅಂತ ಆಗಾಗ ಅಂಗೈ ಇಟ್ಟು ನೋಡಿದೆ.
ಮೊದಲು ಬಂದದ್ದು ಕೆರೆಯೇರಿ.
ಆಮೇಲೆ ಹುಣಸೆಮರ, ಎಲೆಯಿಲ್ಲದೆ, ಬರೀ ಮೊತ್ತ;
ಮೇಣ ಬಳಿದು ಒರೆಸಿದ ಮೇಲೆ ಎಲೆಗಳೂ ಬಂದವು,
ಆರೋಕ್ಯನ ಸೊಟ್ಟ ಹಲ್ಲೂ.

ಆವಲಮ್ಮ ಬಗ್ಗಿ
ದೋಣಿಯಲ್ಲಿ ಮುಖ ನೋಡಿ ಕುಂಕುಮ ಸರಿ ಮಾಡಿಕೊಂಡರು.
ತುಸು ಹೊತ್ತು ಹಾಗೇ ನಿಂತರು.
ಅಂಗೈ ಮಗುಚಿ ನೋಡಿಕೊಂಡರು.
'ದೂಳಲ್ಲ ಅಲ್ವೇನಪ್ಪ ಅದು?'
ನಾನು ಮೆಷಿನ್ನಿನ ಗುಂಡಿ ಒತ್ತಿದೆ,
ಉಜ್ಜುವುದೇನೂ ಉಳಿದಿರದಿದ್ದರೂ.

ಹಳೇ ಬನಿಯನ್ನಿನ ತುಂಡೊಂದು ಅವರ ಕೈಗಿಟ್ಟೆ.
ಬರೀ ನೀರು. ನೇರಕ್ಕೆ. ಸುತ್ತಬಾರದು.
ಮೂರು ಸಲ ನೇರ ಹೋಯಿತು ಕೈ,
ನಾಲ್ಕನೆಯದಕ್ಕೆ ಮಣಿಕಟ್ಟು ತಾನೇ ತಿರುಗಿತು.
'ನನ್ನ ಮಾತೂ ಕೇಳಲ್ಲ ಇದು' ಅಂತ ನಕ್ಕರು.

ಹಿಂಬದಿ, ಚುಕ್ಕಾಣಿಯ ಪಕ್ಕ
ಒಂದು ಗೇಣು ಜಾಗ ನಾನು ಮುಟ್ಟಿರಲಿಲ್ಲ.
ಓರೆ ಬಿಸಿಲಿಗಷ್ಟೇ ಕಾಣುವ ಸುತ್ತುಗಳು ಅಲ್ಲಿ ಹಾಗೇ ಇವೆ.
ಕಂಟ್ರಾಕ್ಟರಿಗೆ ಅದು ಹೇಗೋ ಕಂಡಿತು.
'ಇಲ್ಲಿ ಮರೆತಿದ್ದೀಯಲ್ಲೋ!'
ಇನ್ನೂರು ಹಿಡಿದುಕೊಂಡ.
ಹಿಡಿದುಕೊಳ್ಳಲಿ.